ಪಿಕಪ್ಪಿಗೆ ತುಂಬಿದ ಉಡಿ

ರೇಡಿಯೇಟರ್ ಒಡೆದಿರಬಹುದು. ಫ್ಯಾನ್ ಬೆಲ್ಟ್ ಹರಿದಿರಬಹುದು, ನೀರಿನ ಪಂಪು ನಿಂತಿರಬಹುದು, ಇಂಜಿನ್ನೇ ಸುಟ್ಟಿರಬಹುದು. ಬಿಸಿ ರಬ್ಬರಿನ ವಾಸನೆ ಬಂದರೆ ಸಾಕು, ಅದು ನಮ್ಮ ಕುಕ್ಕರಿನದೇ ಆದರೂ, ಇಂದಿಗೂ ನಾನು ಇದನ್ನೇ ಜಪಿಸುತ್ತೇನೆ.

ನನ್ನ ಚಿಕ್ಕಂದಿನ ಒಂದು ಮಧ್ಯಾಹ್ನ ಹೆರಿಗೆ ಬೇನೆ ಶುರುವಾದ ಸೋದರತ್ತೆಯನ್ನು ಬಸವಕಲ್ಯಾಣದ ಡಾಕ್ಟರು ಹುಮನಾಬಾದಿಗೆ ಒಯ್ಯಲು ಹೇಳಿದ್ದರು. ಅಪ್ಪ ತನ್ನ ಹೊಸ ಪಿಕಪ್ ತೆಗೆದ, ಅಜ್ಜಿಯೂ ನಾನೂ ಜೊತೆಗೆ ಹೊರಟೆವು. ಹೊರಡುವ ಮುನ್ನ ಅಜ್ಜಿ ಅತ್ತೆಗೆ ಉಡಿ ತುಂಬಿದಳು. ಗಾಡಿಯೂ ಸುಸೂತ್ರ ಮುಟ್ಟಲೆಂದು ಅದಕ್ಕೂ ಅಕ್ಕಿ, ಕೊಬ್ಬರಿ ಇಟ್ಟು ಮುಂಭಾಗಕ್ಕೆ ಹಸಿರು ಕುಬಸದ ಖಣ, ಅದೇ ರವಿಕೆ ಬಟ್ಟೆ, ಕಟ್ಟಿದಳು.

ಅರ್ಧ ದಾರಿಯಲ್ಲಿ ಶಾಖದ ಮುಳ್ಳು ಕೆಂಪಿಗೇರಿತು, ಬಾನೆಟ್ಟಿನಿಂದ ಹಬೆಯೂ ಬಿಸಿ ರಬ್ಬರಿನ ವಾಸನೆಯೂ ಎದ್ದವು. ಅಪ್ಪ ಇಳಿದು ಎಲ್ಲವನ್ನೂ ಮುಟ್ಟಿ ನೋಡಿದ.

"ಬೆಲ್ಟ್ ಛಲೋ ಅದ, ಪೈಪೂ ಛಲೋ ಅದ. ಮತ್ತ ಯಾಕ ಕುದಿಯಾಕತ್ತದ?"

"ಮಂದಿ ಕಣ್ಣು ಬಿದ್ದದ ತಮ್ಮಾ, ಉಪ್ಪು ನಿವಾಳಸು," ಎಂದಳು ಅಜ್ಜಿ.

"ನೀವು ನಿವಾಳಸೂದ್ರಾಗ ನಾ ಇಲ್ಲೇ ಹಡೀತೀನಿ!" ಎನ್ನುತ್ತ ಅತ್ತೆ ಕೆಳಗಿಳಿದಳು. ಬೇನೆ ತಡೆಯದೆ ಗಾಡಿಯ ಮೂತಿಗೇ ಆತುಕೊಂಡಳು. ಇಂಜಿನ್ ಸಿಡಿಯುತ್ತದೆಂದು ನಾನು ಕಣ್ಣು ಮುಚ್ಚಿದೆ. ಕೇಳಿಸಿದ್ದು ಅವಳ ನಗು.

"ಅಣ್ಣಾ, ಇದು ಉಸರು ಹ್ಯಾಂಗ ಆಡಬೇಕೋ? ಅವ್ವ ಇದರ ಮೂಗೇ ಮುಚ್ಯಾಳ!"

ಗಾಳಿ ಹೊಗುವ ಜಾಲರಿಗೆ ಖಣ ಪೂರ್ತಿ ಅಂಟಿಕೊಂಡಿತ್ತು. ಅದನ್ನು ಬಿಚ್ಚಿ, ಇಂಜಿನ್ ಆರಿದ ಮೇಲೆ ಹೊರಟೆವು. ಮುಳ್ಳು ಇಳಿಯಿತು. ಹುಮನಾಬಾದ್ ಬಂತು, ಹಿಂದೆಯೇ ಕೂಸೂ ಬಂತು.

ದಾರಿಯುದ್ದಕ್ಕೂ ಅಜ್ಜಿ ಬಿಸಿ ಆರದ ಆ ಖಣವನ್ನು ಮಡಚಿ ಉಡಿಯಲ್ಲಿಟ್ಟುಕೊಂಡಿದ್ದಳು.