ಒಳಪದರದ ಸದ್ದು

ನಲವತ್ತು ದಿನ ಜಿಟಿಗುಟ್ಟಿದ ಮಳೆ ಅಂದು ಬೆಳಗ್ಗೆ ನಿಂತಿತ್ತು. ಜಪಾನಿನ ಮತ್ಸುಮೊತೊ ಊರಿನ ಮೇಲಿನ ಆಕಾಶ ತೊಳೆದಿಟ್ಟ ಬಟ್ಟಲಿನಂತೆ ಹೊಳೆಯುತ್ತಿತ್ತು. ಬೆಟ್ಟದ ಕಡೆಯಿಂದ ಒಣಗಾಳಿ ಬೀಸುತ್ತಿತ್ತು. ಮನೆಮನೆಯ ಹಾಸಿಗೆಗಳೂ ಬಿಸಿಲಿಗೆ ಬಂದಿದ್ದವು. ಉಸಾಮಿಗೆ ಹಾಸಿಗೆಯ ಚಿಂತೆ ಇರಲಿಲ್ಲ. ಗಾಳಿಯ ತೇವ ತೋರಿಸುವ ಮುಳ್ಳನ್ನು ಎರಡು ಸಲ ನೋಡಿ, ತೋಫು ಅಂಗಡಿಯ ಗೆಳೆಯ ಹಚಿಯಾನಿಗೆ ಫೋನ್ ಮಾಡಿ ಬರಹೇಳಿದ. ಮಳೆಗಾಲದಲ್ಲಿ ಸ್ಪೀಕರಿನ ಕಾಗದ ತೇವ ಹೀರುತ್ತದೆಂದು ಅಷ್ಟೂ ದಿನ ಅವನು ಒಂದು ಡಿಸ್ಕನ್ನೂ ಮುಟ್ಟಿರಲಿಲ್ಲ. ಅದೊಂದು ವ್ರತ. ಇಂದು ಪಾರಣೆ.

ಅವನು ಹಾಡು ಕೇಳುವ ಎಂಟು ಚಾಪೆ ಹಿಡಿಸುವ ದೊಡ್ಡ ಕೋಣೆ ಮೊದಲು ಹೆಂಡತಿ ಶಿಜು ಕೋತೊ ವಾದ್ಯ ಹೇಳಿಕೊಡುತ್ತಿದ್ದ ಜಾಗ. ಬಸ್ ಕಂಪನಿಯಿಂದ ನಿವೃತ್ತನಾದಾಗ, ಚೆರಿ ಅರಳುವ ತನಕ ಕೊಡು ಎಂದು ಕೇಳಿ ಪಡೆದಿದ್ದ. ಆಮೇಲೆ ಚೆರಿ ನಾಲ್ಕು ಸಲ ಅರಳಿ ಉದುರಿತು. ಹದಿಮೂರು ತಂತಿಯ ಆ ಉದ್ದನೆಯ ವಾದ್ಯ ಬಟ್ಟೆ ಸುತ್ತಿಕೊಂಡು ಪಡಸಾಲೆಯ ಗೋಡೆಗೆ ಒರಗಿತ್ತು. ಈಗ ಹಳೆಯ ಶಿಷ್ಯೆ ನೊಗಾಮಿ, ಶರತ್ಕಾಲದಿಂದ ಮತ್ತೆ ಪಾಠ ಇದೆಯೋ ಇಲ್ಲವೋ ಹೇಳಿ, ಇಲ್ಲವೆಂದರೆ ನಾವು ಐದು ಜನ ಬೇರೆ ಕಡೆ ಸೇರಿಕೊಳ್ಳುತ್ತೇವೆ ಎಂದು ಕೇಳಿದ್ದಳು. ಉತ್ತರಕ್ಕಾಗಿ ಇಂದು ಮಧ್ಯಾಹ್ನದೊಳಗೆ ಅವಳೇ ಫೋನ್ ಮಾಡುವವಳಿದ್ದಳು.

ಬೆಳಗಿನ ಊಟದ ಹೊತ್ತಿಗೆ ಶಿಜು ಕೋಣೆಯ ಮಾತೆತ್ತಿದಾಗ ಉಸಾಮಿ ಸಮಾಧಾನವಾಗಿಯೇ ವಿವರಿಸಿದ್ದ. ತನ್ನ ಡಿಸ್ಕುಗಳಿಗೆ ಎರಡು ಪದರ. ಹೊರಪದರ ಸಾಧಾರಣ ಸಿ.ಡಿ.ಯದು, ಯಾವ ಡಬ್ಬಿಯಲ್ಲಾದರೂ ಹಾಡುತ್ತದೆ. ಒಳಪದರದ ಸೂಕ್ಷ್ಮ ಸದ್ದನ್ನು ತೆಗೆಯಲು ತನ್ನ ಯಂತ್ರವೇ ಬೇಕು, ಅದು ಅರಳಲು ಈ ಕೋಣೆಯೇ ಬೇಕು. ಮಹಡಿಯ ಚಿಕ್ಕ ಕೋಣೆಗೆ ಒಯ್ದರೆ ಸಾಧಾರಣ ಸಿ.ಡಿ.ಗೂ ಅದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ಶಿಜು ‘ಹೌದಾ’ ಎಂದು ಬಟ್ಟಲು ಎತ್ತಿಕೊಂಡು ಒಳಗೆ ಹೋಗಿದ್ದಳು.

ಹಚಿಯಾ ತೋಫು ಡಬ್ಬಿ ಹಿಡಿದು ಬಂದ. “ಬೇರೆಯವ್ರು ಮಾತಾಡೋಕೆ ಮನೆಗೆ ಕರೀತಾರೆ ಅತ್ತಿಗೆ, ನಿಮ್ಮನೆಯವ್ರು ಬಾಯಿ ಮುಚ್ಕೊಂಡಿರೋಕೆ ಕರೀತಾರೆ” ಎಂದು ಶಿಜುಗೆ ಹೇಳಿ, ಒಳಗೆ ಬಂದು ಮಂಡಿಯೂರಿ ಕುಳಿತ. ಉಸಾಮಿ ಬಿದಿರ ಕೊಳಲಿನ ಡಿಸ್ಕ್ ಹಾಕಿ, ದೇವರ ಮುಂದೆ ಕೂತವನಂತೆ ಕಣ್ಣು ಮುಚ್ಚಿದ.

“ಊದೋಕೆ ಮುಂಚೆ ಉಸಿರೆಳ್ಕೊಂಡ, ಕೇಳಿಸ್ತಾ?” ಎಂದು ಪಿಸುಗುಟ್ಟಿದ. “ಅದು ಒಳಪದರದಲ್ಲಿ ಮಾತ್ರ ಇರೋದು. ಇನ್ನೊಂದರಲ್ಲಿ ದೀಪ ಹಿಡಿದು ಹುಡುಕಿದ್ರೂ ಸಿಗಲ್ಲ.”

ಹಚಿಯಾನಿಗೆ ಕೇಳಿಸಿತ್ತು. ಹಾಗಾದರೆ ನಮ್ಮ ಮನೆಯಲ್ಲಿ ನಾನು ಏನು ಕಳೆದುಕೊಳ್ಳುತ್ತಿದ್ದೇನೆ ಅಂತಲೂ ಗೊತ್ತಾಗಲಿ, ಸಾಧಾರಣದ್ದನ್ನೂ ಒಮ್ಮೆ ಹಾಕು ಎಂದ. ಉಸಾಮಿ ಮರುಕದಿಂದ, ಒಳಪದರ ಹಾಡುವಾಗ ಉರಿಯುವ ನೀಲಿ ದೀಪದ ಪಕ್ಕದ ಗುಂಡಿ ಒತ್ತು ಎಂದ. ಹಚಿಯಾ ಯಂತ್ರದ ಮುಂದೆ ಬಗ್ಗಿ, ಕನ್ನಡಕ ಹಾಕಿಕೊಂಡು ನೋಡಿದ.

“ದೀಪ ಹತ್ತೇ ಇಲ್ವಲ್ಲ ಮಾರಾಯ. ಸಾಧಾರಣದ್ದೇ ಹಾಡ್ತಾ ಇದೆ.”

ಉಸಾಮಿ ಎದ್ದು ಬಂದು ತಾನೂ ಬಗ್ಗಿದ. ಎಳ್ಳಿನಷ್ಟು ದೀಪ, ಆರಿತ್ತು. ಬಾಗಿಲಲ್ಲಿ ತಣ್ಣನೆಯ ಬಾರ್ಲಿ ಚಹಾ ಹಿಡಿದು ನಿಂತಿದ್ದ ಶಿಜು ತಟ್ಟೆಯನ್ನು ಕೆಳಗಿಟ್ಟಳು.

“ಹೋದ ವರ್ಷ ಅಲ್ಲ, ಅದರ ಹಿಂದಿನ ವರ್ಷ, ಡಿಸೆಂಬರಿನಲ್ಲಿ ಮನೆಯೆಲ್ಲ ಗುಡಿಸಿ ಒರೆಸಿದ್ವಲ್ಲ ರೀ, ಆಗ ಗುಂಡಿಗೆ ಬಟ್ಟೆ ತಗುಲಿ ದೀಪ ಆರಿತು. ಇದನ್ನ ಮುಟ್ಟಬೇಡ ಅಂತ ನೀವು ಮೊದಲೇ ಹೇಳಿದ್ರಿ. ಅದಕ್ಕೇ ಮತ್ತೆ ಮುಟ್ಟಲಿಲ್ಲ.”

ಉಸಾಮಿ ಬೆರಳು ಮಡಚಿ ಎಣಿಸಿದ. ಒಂದೂವರೆ ವರ್ಷ. ಅಷ್ಟರಲ್ಲಿ ಹನ್ನೊಂದು ಜನರನ್ನು ಕೂರಿಸಿ ಆ ಉಸಿರನ್ನು ಕೇಳಿಸಿದ್ದ, ಇಬ್ಬರು ಅತ್ತಿದ್ದರು. ಹಚಿಯಾ ನಗು ತಡೆಯಲು ಚಹಾದ ಲೋಟದೊಳಗೆ ಮುಖ ಇಟ್ಟ. ನಂಬಿ ಕೂತವರಿಗೆ ಹೊರಪದರವೂ ಧಾರಾಳವಾಗಿ ಕೊಟ್ಟಿತ್ತು, ಅದಕ್ಕೆ ಯಾರನ್ನು ದೂರುವುದು?

ಉಸಾಮಿ ಗುಂಡಿ ಒತ್ತಿದ. ನೀಲಿ ದೀಪ ಹತ್ತಿತು. ಮೊದಲಿನಿಂದ ಹಾಕಿ ಕುಳಿತ, ಈ ಸಲ ಬೆನ್ನು ಸ್ವಲ್ಪ ಬಾಗಿತ್ತು. ಅಷ್ಟರಲ್ಲಿ ಪಡಸಾಲೆಯಲ್ಲಿ ಫೋನ್ ಸದ್ದಾಯಿತು. ಶಿಜು ಎದ್ದು ಹೋಗಿ ಹಿಂದೆ ಬಾಗಿಲು ಎಳೆದುಕೊಂಡಳು. ಕೊಳಲಿನ ಒಂದು ಎಳೆ ಮುಗಿದು, ಮುಂದಿನದು ಇನ್ನೂ ಬಂದಿರಲಿಲ್ಲ. ಆ ನಡುವಿನ ನಿಶ್ಶಬ್ದದಲ್ಲಿ, ಕಾಗದದ ಬಾಗಿಲಿನಾಚೆಯಿಂದ, ತಗ್ಗಿಸಿದ ದನಿ ಬಂತು.

“ಈ ವರ್ಷವೂ ಆಗಲ್ಲ ನೊಗಾಮಿ ಅವರೇ. ನೀವು ಬೇರೆ ಕಡೆ ನೋಡ್ಕೊಳ್ಳಿ... ಇಲ್ಲ ಇಲ್ಲ, ನನಗೇನು ಬೇಜಾರಿಲ್ಲ. ಬೆರಳೂ ಮರೆತಿರಬೇಕು.”

ಕೊಳಲು ಮತ್ತೆ ಉಸಿರೆಳೆದುಕೊಂಡಿತು. ಉಸಾಮಿ ಕಣ್ಣು ತೆರೆದು, ಅರ್ಧದಲ್ಲೇ ಡಿಸ್ಕ್ ನಿಲ್ಲಿಸಿದ. ಹಾಗೆ ಎಂದೂ ಮಾಡಿದವನಲ್ಲ.

“ಏನಾದ್ರೂ ಹೊಸದು ಕೇಳಿಸ್ತಾ?” ಎಂದು ಹಚಿಯಾ ಕೇಳಿದ.

“ಕೇಳಿಸ್ತು” ಎಂದು ಉಸಾಮಿ ಎದ್ದ.

ಪಡಸಾಲೆ ದಾಟಿ ಹೊರಬಾಗಿಲಿಗೆ ಹೋಗಿ ಚಪ್ಪಲಿ ಕಪಾಟಿನ ಹಿಂದೆ ಕೈ ತೂರಿಸಿದ. ನಾಲ್ಕು ವರ್ಷದ ಹಿಂದೆ ತಾನೇ ಗೇಟಿನಿಂದ ಬಿಚ್ಚಿ ಇಟ್ಟಿದ್ದ ಮರದ ಹಲಗೆ ಸಿಕ್ಕಿತು: ಕೋತೊ ಪಾಠ, ಉಸಾಮಿ ಶಿಜು. ಅಂಗಿಯ ತೋಳಿನಿಂದ ಅದರ ಧೂಳು ಒರೆಸಿದ. ಶಿಜು ಇನ್ನೂ ಫೋನಿನಲ್ಲಿ ಕ್ಷಮೆ ಕೇಳುತ್ತಿದ್ದಳು, ಕಣ್ಣಿಗೆ ಕಾಣದ ನೊಗಾಮಿಗೆ ತಲೆಬಾಗಿ ನಮಸ್ಕರಿಸುತ್ತ. ಅವಳು ತಲೆ ಎತ್ತುವ ತನಕ ಕಾದು, ಉಸಾಮಿ ಆ ಹಲಗೆಯನ್ನು ಅವಳ ಖಾಲಿ ಕೈಗೆ ಕೊಟ್ಟ.