ಅಕ್ಷರಕ್ಕಿಷ್ಟು

ಮಡದಿಯ ಸಮಾಧಿಗೆಂದು ಆರಿಸಿದ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ತಮ್ಮ ಹೆಸರನ್ನು ಮುದುಕರು ಅಂಗೈಯಿಂದ ಒರೆಸಿಬಿಟ್ಟರು. ಅಕ್ಷರಕ್ಕಿಷ್ಟು ಎಂದು ಕೂಲಿ ಗೊತ್ತುಮಾಡಿದ್ದ ಕಲ್ಲುಕುಟಿಗ ಉಳಿಯನ್ನು ಕೆಳಗಿಟ್ಟ. "ಯಜಮಾನ್ರೇ, ಇಂಥವರ ಹೆಂಡತಿ ಅಂತ ಇರಬೇಡ್ವಾ?"

"ಬೇಡಪ್ಪ. ಬೀದಿಯವರೆಲ್ಲ ನನ್ನನ್ನೇ ನರ್ಸಮ್ಮನ ಗಂಡ ಅಂತಿದ್ರು. ನನ್ನ ಹೆಸರು ಹಾಕಿದ್ರೆ ಇದು ಯಾರ ಸಮಾಧಿ ಅಂತ ಯಾರಿಗೂ ಗೊತ್ತಾಗಲ್ಲ." ಅವರ ಕೈ ಕಲ್ಲಿನ ಕೆಳಭಾಗದಲ್ಲಿ ಬರೆದಿದ್ದ ಪ್ರಾರ್ಥನೆಯ ಸಾಲಿಗೆ ಸರಿಯಿತು. ಮಗಳು ತಟ್ಟನೆ ಆ ಕೈ ಹಿಡಿದುಕೊಂಡಳು. "ಅಪ್ಪಾ, ಅದು ಅಮ್ಮ ದಿನಾ ಡ್ಯೂಟಿಗೆ ಹೊರಡೋವಾಗ ಹೇಳ್ತಿದ್ದದ್ದು. ಕೆತ್ತನೆ ದುಡ್ಡು ನಾನು ಕೊಡ್ತೀನಿ ಅಂದೆನಲ್ಲ."

"ಯಾವ ದುಡ್ಡು? ನಿನ್ನ ನರ್ಸ್ ಲೈಸೆನ್ಸ್ ನವೀಕರಣಕ್ಕೆ ಇಟ್ಟಿದ್ದಾ? ನಿಮ್ಮ ಮೇಟ್ರನ್ ಫೋನ್ ಮಾಡಿ ಬೈದ್ರು ಕಣಮ್ಮ. ನಾಳೆಯೊಳಗೆ ಫೀಸು ಕಟ್ಟದಿದ್ರೆ ನೀನು ವಾರ್ಡಿಗೆ ಕಾಲಿಡೋ ಹಾಗಿಲ್ಲವಂತೆ."

"ಒಂದೆರಡು ತಿಂಗಳು ಮನೇಲಿರ್ತೀನಿ. ಆಮೇಲೆ ಕಟ್ಟಿದ್ರಾಯ್ತು."

"ಹಾಗಂತ ನಿಮ್ಮಮ್ಮನ ಮುಂದೆ ಹೇಳು ನೋಡೋಣ! ಎದ್ದು ಬಂದು ಕಿವಿ ಹಿಂಡ್ತಾಳೆ. ಹೊಟ್ಟೆಬಟ್ಟೆ ಕಟ್ಟಿ ತನ್ನ ಲೈಸೆನ್ಸಿನ ಫೀಸು ತುಂಬಿದವಳು ಅವಳು. ಒಂದು ಸಲವೂ ತಪ್ಪಿಸಲಿಲ್ಲ."

ಮಗಳಿಗೆ ಅಳುವಿನ ನಡುವೆಯೇ ನಗು ಬಂತು, ಹಿಡಿತ ಸಡಿಲವಾಯಿತು. ಮುದುಕರು ಕಣ್ಣು ಮುಚ್ಚಿ, ಆ ಸಾಲನ್ನು ಒಮ್ಮೆ ಮನಸ್ಸಿನಲ್ಲೇ ಹೇಳಿಕೊಂಡು, ಮೆಲ್ಲಗೆ ಒರೆಸಿದರು.

"ದೇವರಿಗೆ ಇದು ಬಾಯಿಪಾಠ, ಮಗಳೇ. ಕಲ್ಲು ನೋಡಿ ಓದಬೇಕಾಗಿಲ್ಲ."

ಕಲ್ಲಿನ ಮೇಲೆ ಉಳಿದದ್ದು ಅವಳ ಹೆಸರು, ಅದರ ಕೆಳಗೆ 'ನರ್ಸ್' ಎಂಬ ಒಂದು ಪದ. "ಇದನ್ನ ಆಳವಾಗಿ ಕೆತ್ತಪ್ಪ" ಎಂದರು.