ಬಟ್ಟೆ ಹೊದಿಸದೆ ಉಳಿದದ್ದು

ಅವಳು ಷೆಡ್ಡಿನೊಳಗೆ ಕಾಲಿಟ್ಟಾಗ ಪರದೇಶದ ಅತಿಥಿಯ ಕೈ ಸೋದರಮಾವನ ಕೈಯ ಕೆಳಗಿತ್ತು. ಇಬ್ಬರ ಅಂಗೈಯಡಿ ಬಳೆಯಗಲದ ಒಂದು ಉಕ್ಕಿನ ರಿಂಗು ಎಣ್ಣೆ ಸವರಿದ ಕಬ್ಬಿಣದ ಹಲಗೆಯ ಮೇಲೆ ಮೆಲ್ಲಗೆ ಜಾರುತ್ತಿತ್ತು. ಮಾವನ ಮುಖದಲ್ಲಿ ಮಗುವಿನ ಕೈ ಹಿಡಿದು ಅಕ್ಷರ ತಿದ್ದಿಸುವವರ ಖುಷಿಯಿತ್ತು.

"ಮಾವ!"

ಇಬ್ಬರೂ ಕೈ ಎತ್ತಿದರು. ಅಷ್ಟರಲ್ಲಿ ಬಾಗಿಲಿಂದ ಮ್ಯಾನೇಜರ್ ಇಣುಕಿ, "ಕಾರು ಬಂತು. ಆ ಫಾರಂ ತುಂಬಿ ಗೇಟಿಗೆ ಕೊಡಮ್ಮ, ಅದಿಲ್ಲದೆ ಇವರನ್ನ ಬಿಡಲ್ಲ," ಎಂದು ಅತಿಥಿಯನ್ನು ಕರೆದುಕೊಂಡು ಹೋದರು. ಅತಿಥಿ ಹೋಗುವ ಮುಂಚೆ ಮಾವನಿಗೆ ತಲೆಬಾಗಿ ವಂದಿಸಿದ. ಮಾವ ಗಡಿಬಿಡಿಯಿಂದ ಕೈಗೆ ಮೆತ್ತಿದ್ದ ಎಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಂಡು ಎರಡೂ ಕೈ ಜೋಡಿಸಿದರು.

ಆ ಕಾರ್ಖಾನೆ ಅಣು ವಿದ್ಯುತ್ ಸ್ಥಾವರಗಳಿಗೆ ಪಂಪು ಮಾಡುತ್ತಿತ್ತು. ಅತಿಥಿಯ ದೇಶಕ್ಕೆ ಪಂಪನ್ನು ಮಾರಲು ಸರ್ಕಾರ ಅನುಮತಿ ಕೊಟ್ಟಿತ್ತು. ಅದನ್ನು ಮಾಡುವ ವಿಧಾನವನ್ನು ಹೇಳಿಕೊಡಲು ಕೊಟ್ಟಿರಲಿಲ್ಲ. ಆ ಗೆರೆಯನ್ನು ಕಾಯುವುದೇ ರಫ್ತು ವಿಭಾಗದ ಗುಮಾಸ್ತೆಯಾದ ಅವಳ ಕೆಲಸ. ಬೆಳಿಗ್ಗೆ ಏಳಕ್ಕೇ ಬಂದು ಯಂತ್ರಗಳಿಗೆ ಬಟ್ಟೆ ಹೊದಿಸಿದ್ದಳು. ನಕ್ಷೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಹಾಕಿದೆನೋ ಇಲ್ಲವೋ ಎಂದು ಎರಡು ಸಲ ಹೋಗಿ ಜಗ್ಗಿ ನೋಡಿದ್ದಳು. ಕ್ಯಾಲೆಂಡರಿನ ಅಂಚಿನಲ್ಲಿ ಯಾರೋ ಗೀಚಿದ್ದ ಅಳತೆಗಳ ಮೇಲೂ ಕಾಗದ ಅಂಟಿಸಿದ್ದಳು. ಅತಿಥಿಯ ಫೋನು ಗೇಟಿನಲ್ಲೇ ಇತ್ತು. ಆಮೇಲೆ ಮಗಳ ಶಾಲೆಯಿಂದ ಕರೆ ಬಂತು: ಜ್ವರ. ಪಕ್ಕದ ಷೆಡ್ಡಿನ ಯಂತ್ರಗಳ ಸದ್ದಿಗೆ ಏನೂ ಕೇಳಿಸದೆ ಹೊರಗೆ ಹೋದಳು. ಏಳು ನಿಮಿಷ.

"ಏನು ತೋರಿಸ್ತಿದ್ರಿ ಅವನಿಗೆ?"

"ಕೇಳ್ದ, ತೋರಿಸ್ದೆ."

"ಹೇಗೆ ಕೇಳ್ದ? ನಮ್ಮ ಮಾತು ಒಂದಕ್ಷರ ಬರಲ್ವಲ್ಲ ಅವನಿಗೆ!"

"ರಿಂಗನ್ನ ಬೆಳಕಿಗೆ ಹಿಡಿದ. ಒಂದು ಸಣ್ಣ ಗೀರಾದ್ರೂ ಇದೆಯಾ ಅಂತ ಹುಡುಕಿದ. ಆಮೇಲೆ ನನ್ನ ಮುಖ ನೋಡ್ದ. ಅಷ್ಟು ಸಾಲ್ದಾ?" ಮಾವನ ದನಿ ಮೆತ್ತಗಾಯಿತು. "ಮೂವತ್ತೆಂಟು ವರ್ಷದಿಂದ ಇದನ್ನ ತಿಕ್ತಾ ಇದೀನಿ ಕಣೇ. ನಮ್ಮೋರು ಒಬ್ಬರಾದ್ರೂ, ಮೇಸ್ತ್ರಿ, ಇದು ಹೇಗೆ ಮಾಡ್ತೀರಿ ಅಂತ ಕೇಳಿದಾರಾ? ಇವತ್ತೆಷ್ಟು ಆಯ್ತು ಅಂತ ಕೇಳ್ತಾರೆ, ಹೋಗ್ತಾರೆ."

ಅವಳು ಸ್ಟೂಲಿನ ಮೇಲೆ ಕೂತು ಫಾರಂ ಬಿಡಿಸಿದಳು. ಕೊನೆಯ ಪ್ರಶ್ನೆಯನ್ನು ಗಟ್ಟಿಯಾಗಿ ಓದಿದಳು: "ತಯಾರಿಕೆಯ ವಿಧಾನದ ಬಗ್ಗೆ ಮಾತು, ಬರಹ ಅಥವಾ ಪ್ರಾತ್ಯಕ್ಷಿಕೆಯ ಮೂಲಕ ಅತಿಥಿಗೆ ಮಾಹಿತಿ ನೀಡಲಾಗಿದೆಯೇ? ಹೌದು, ಇಲ್ಲ."

"ಪ್ರಾತ್ಯ... ಅದೇನೇ ಅದು?"

"ಮಾಡಿ ತೋರಿಸೋದು."

ಮಾವ ರಿಂಗನ್ನು ಕೈಗೆತ್ತಿಕೊಂಡರು. "ನೀರು ಸೋರದ ಹಾಗೆ ತಡೆಯೋ ರಿಂಗಿಗೆ ಇಷ್ಟು ರಗಳೆನಾ?"

"ಇದೇ ರಿಂಗು ಬೇರೆದಕ್ಕೂ ಆಗುತ್ತಂತೆ, ಮಾವ. ಕರೆಂಟು ಮಾಡೋದಕ್ಕಲ್ಲ."

"ಬಾಂಬಿಗಾ?" ಮಾವ ನಕ್ಕರು. ಅವಳು ನಗಲಿಲ್ಲ. ಅವರ ನಗೆಯೂ ಅರ್ಧಕ್ಕೇ ನಿಂತಿತು.

ಹೌದು ಎಂದರೆ ವಿಚಾರಣೆ. ನಿವೃತ್ತಿಗೆ ಐದು ವಾರ ಉಳಿದಿರುವಾಗ ಮಾವ ಅಧಿಕಾರಿಗಳ ಎದುರು ಕೈಕಟ್ಟಿ ನಿಲ್ಲಬೇಕು. ಅಪ್ಪ ಹೋದ ಮೇಲೆ ಅವಳನ್ನು ಇದೇ ಗೇಟಿನೊಳಗೆ ಕರೆತಂದು ಕೆಲಸಕ್ಕೆ ಹಚ್ಚಿದ್ದು ಅವರೇ. ಇಲ್ಲ ಎಂದರೆ, ಅದರ ಕೆಳಗೆ ಅವಳ ಸಹಿ. ತಾನು ಶಾಲೆಯ ಫೋನನ್ನು ಆಮೇಲೆ ಎತ್ತಬಹುದಿತ್ತು. ಇಲ್ಲ, ಎತ್ತದಿರಲು ಆಗುತ್ತಿರಲಿಲ್ಲ. ಪೆನ್ನಿನ ಮುಚ್ಚಳವನ್ನು ತೆಗೆದಳು, ಹಾಕಿದಳು.

"ಇಲ್ಲಿ ನೋಡು," ಮಾವ ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. "ಇದು ಕೈಗೆ ಹತ್ತೋಕೆ ನನಗೆ ಎರಡು ವರ್ಷ ಬೇಕಾಯ್ತು. ನಮ್ಮಲ್ಲೇ ಆರು ಜನಕ್ಕೆ ಕಲಿಸಿದೆ, ಒಬ್ಬನಿಗೂ ಹತ್ತಲಿಲ್ಲ. ಏಳು ನಿಮಿಷದಲ್ಲಿ ಅವನೇನು ಕಲಿತಾನೆ? ಕೈ ಕುಲುಕಿದೆ ಅಂದ್ಕೋ."

"ನಿಜವಾಗ್ಲೂ?"

"ನಿನ್ನಾಣೆಗೂ."

ಅವಳು 'ಇಲ್ಲ' ಎಂಬುದಕ್ಕೆ ಗುರುತು ಹಾಕಿ ಸಹಿ ಮಾಡಿದಳು. ಏಳುವಾಗ ನೋಡಿದರೆ ಮಾವನ ಬೆರಳು ಅವರಿಗೇ ಗೊತ್ತಿಲ್ಲದೆ ತೊಡೆಯ ಮೇಲೆ ಆಡುತ್ತಿತ್ತು: ಎಂಟರ ಆಕಾರದಲ್ಲಿ ಒಂದು ಸುತ್ತು, ಹೆಬ್ಬೆರಳ ಒಂದು ಸಣ್ಣ ಏರು, ಉಸಿರು ಹಿಡಿದಂಥ ಒಂದು ತಡೆ, ಕಾಲುಭಾಗ ತಿರುವು. ಚಿಕ್ಕಂದಿನಿಂದ ನೋಡಿದ್ದೇ. ಊಟಕ್ಕೆ ಕೂತಾಗಲೂ ತಟ್ಟೆಯ ಪಕ್ಕದಲ್ಲಿ ಆ ಬೆರಳು ಹೀಗೇ ಸುತ್ತುತ್ತಿತ್ತು. ತಟ್ಟೆಗೂ ಪಾಲಿಷ್ ಆಯ್ತಾ ಎಂದು ಅತ್ತೆ ರೇಗಿಸುತ್ತಿದ್ದರು.

ಗೇಟಿನಲ್ಲಿ ಕಾರು ನಿಂತಿತ್ತು. ಕಾವಲುಗಾರ, "ಕೊಡಿ ಮೇಡಂ, ಆಗಲೇ ಹೊತ್ತಾಯ್ತು," ಎಂದು ಕೈ ಚಾಚಿದ. ಅವಳು ಫಾರಂ ನೀಡುತ್ತ, ಅತಿಥಿಗೆ ಒಂದು ನಗೆ ಬೀರಲೆಂದು ಕಾರಿನ ಕಿಟಕಿಯತ್ತ ಬಗ್ಗಿದಳು.

ಹಿಂದಿನ ಸೀಟಿನಲ್ಲಿ ಅತಿಥಿ ಕಣ್ಣು ಮುಚ್ಚಿ ಕೂತಿದ್ದ. ತುಟಿಗಳು ಏನನ್ನೋ ಎಣಿಸುತ್ತಿದ್ದವು. ತೊಡೆಯ ಮೇಲಿಟ್ಟ ಚೀಲದ ಮೇಲೆ ಅವನ ಕೈ ಎಂಟರ ಆಕಾರದಲ್ಲಿ ಒಂದು ಸುತ್ತು ಸುತ್ತಿತು. ಹೆಬ್ಬೆರಳು ತುಸು ಮೇಲೆದ್ದಿತು. ನಿಂತಿತು. ಕಾಲುಭಾಗ ತಿರುಗಿತು.

"ಮೇಡಂ," ಎಂದ ಕಾವಲುಗಾರ, "ಬಿಡಿ, ಕಾಗದ ಹರಿಯುತ್ತೆ."